ಮಂಡಿ ಆಪರೇಷನ್ ಆಯ್ತು, ದುಡ್ಡು ಕೊಟ್ಟು ಫಿಸಿಯೋಥೆರಪಿ ಬೇಕಾ?

ಮಂಡಿ ಕೀಲು ಬದಲಾಯಿಸಿಕೊಂಡು ಬಂದ ಮನೆಗಳಲ್ಲಿ ಇದೇ ಮಾತು: ಆಪರೇಷನ್‌ಗೇ ಸಾಲ ಆಗಿದೆ, ಫಿಸಿಯೋಥೆರಪಿಗೂ ದಿನಾ ದುಡ್ಡು ಸುರಿಯಬೇಕಾ? ವ್ಯಾಯಾಮ ಬೇಕೇ ಬೇಕು. ದಿನಾ ದುಡ್ಡು ಕೊಡಲೇಬೇಕು ಅಂತೇನಿಲ್ಲ.

ಮೊದಲ 6 ವಾರ ಮುಖ್ಯ. ನೋವು ಅಂತ ಕಾಲು ಮಡಚದೆ ಬಿಟ್ರೆ ಮಂಡಿ ಬಿಗಿದುಕೊಳ್ಳುತ್ತೆ, ಆಮೇಲೆ ಅರಿವಳಿಕೆ ಕೊಟ್ಟು ಮಡಚಿಸಬೇಕಾಗಬಹುದು. ತೊಡೆ ಬಿಗಿ ಹಿಡಿಯೋದು, ಹಿಮ್ಮಡಿ ಜಾರಿಸಿ ಮಡಚೋದು ಹಾಸಿಗೆ ಮೇಲೇ ಆಗುತ್ತೆ. ತೊಡಕಿಲ್ಲದೆ ಚೇತರಿಸಿಕೊಳ್ಳೋರು ಫಿಸಿಯೋ ಹತ್ರ ಸರಿಯಾಗಿ ಕಲಿತು ಮನೇಲಿ ಮಾಡಿದ್ರೂ ದೊಡ್ಡ ವ್ಯತ್ಯಾಸ ಇಲ್ಲ ಅಂತ ಅಧ್ಯಯನಗಳೇ ಹೇಳಿವೆ. ಒಂಟಿಯಾಗಿರೋ ಹಿರಿಯರು, ಮಡಚೋಕೆ ಹೆದರೋರು ಮಾತ್ರ ಇಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ಜಿಲ್ಲಾಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಮೀನಖಂಡ ಊದಿ ನೋವಾದ್ರೆ ವ್ಯಾಯಾಮ ನಿಲ್ಲಿಸಿ, ಅವತ್ತೇ ಡಾಕ್ಟರ್ ಹತ್ರ ಹೋಗಿ; ರಕ್ತ ಹೆಪ್ಪುಗಟ್ಟಿರಬಹುದು.