ಸೂತ್ರ, ವೃತ್ತಿ, ಪ್ರಯೋಗ: ತಂತ್ರಾಂಶದ ವಿವರಣೆಗೂ ಒಂದು ವ್ಯಾಕರಣ

ಗಣಕದ ಪ್ರೋಗ್ರಾಮಿನಲ್ಲಿ ಒಂದು ನಿರ್ದಿಷ್ಟ ಕಾರ್ಯಕ್ಕೆಂದು ಹೆಸರಿಟ್ಟು ರಚಿಸಿದ ಘಟಕವನ್ನು ಫಂಕ್ಷನ್ ಎನ್ನುತ್ತಾರೆ. ಅದು ಏನನ್ನು ಸ್ವೀಕರಿಸುತ್ತದೆ, ಏನನ್ನು ಮರಳಿ ಕೊಡುತ್ತದೆ ಎಂದು ತಿಳಿಸುವ ಗದ್ಯವೇ ಅದರ ಡಾಕ್ಯುಮೆಂಟೇಶನ್, ಅಂದರೆ ವಿವರಣೆ. ಫಂಕ್ಷನ್ ನಿರ್ದುಷ್ಟವಾಗಿದ್ದರೂ ವಿವರಣೆ ಅಸ್ಪಷ್ಟವಾಗಿದ್ದರೆ, ಅದನ್ನು ನಂಬಿ ಬರೆದವರ ಪ್ರೋಗ್ರಾಮಿನಲ್ಲಿ ದೋಷ ಹುಟ್ಟುತ್ತದೆ. ಮುಕ್ತ ಆಕರ ತಂತ್ರಾಂಶವಾದ ಪೈಥಾನ್ ಇದಕ್ಕೆ ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಪದದ ಕೊನೆಯಿಂದ ಅಕ್ಷರಗಳನ್ನು ಕಳಚುವ 'ಆರ್‌ಸ್ಟ್ರಿಪ್' ಎಂಬ ಫಂಕ್ಷನ್ ಪೈಥಾನ್‌ನಲ್ಲಿದೆ. 'ನಗರಜನ' ಎಂಬ ಪದದಿಂದ 'ಜನ' ಎಂಬುದನ್ನು ಕಳಚಲು ಹೇಳಿದರೆ 'ನಗರ' ಉಳಿಯುತ್ತದೆ. ಆದರೆ 'ವನಜನ' ಎಂಬ ಪದದಲ್ಲಿ ಹಾಗೆಯೇ ಮಾಡಿದರೆ 'ವನ' ಉಳಿಯುವುದಿಲ್ಲ. 'ವ' ಮಾತ್ರ ಉಳಿಯುತ್ತದೆ. ಈ ಫಂಕ್ಷನ್ 'ಜನ' ಎಂಬುದನ್ನು ಉತ್ತರಪದವೆಂದು ತಿಳಿಯದೆ 'ಜ', 'ನ' ಎಂಬ ಅಕ್ಷರಗಳ ಗುಂಪೆಂದು ತಿಳಿಯುತ್ತದೆ. ಆ ಗುಂಪಿಗೆ ಸೇರದ ಅಕ್ಷರ ಎದುರಾಗುವವರೆಗೆ ಕಳಚುತ್ತಲೇ ಹೋಗುತ್ತದೆ. ಮೊದಲ ಪ್ರಯೋಗದಲ್ಲಿ ಬಂದ ಸರಿಯುತ್ತರವೇ ತಪ್ಪು ತಿಳಿವಳಿಕೆಯನ್ನು ಮರೆಮಾಡಿತ್ತು.

ಹೀಗೆ ಮೋಸಹೋದ ಅನೇಕರು ಫಂಕ್ಷನ್ನೇ ಕೆಟ್ಟಿದೆಯೆಂದು ಪದೇ ಪದೇ ದೂರಿದರು. ಕೊಟ್ಟದ್ದು ಪ್ರತ್ಯಯವಲ್ಲ, ಅಕ್ಷರಗಳ ಗುಂಪು ಎಂಬ ವಾಕ್ಯ ಅಧಿಕೃತ ವಿವರಣೆಯಲ್ಲಿತ್ತು. ಗೊಂದಲ ಮಾತ್ರ ನಿಲ್ಲಲಿಲ್ಲ. ಕೊನೆಗೆ 2020ರ ಅಕ್ಟೋಬರಿನಲ್ಲಿ ಹೊರಬಂದ ಪೈಥಾನ್ 3.9ರಲ್ಲಿ, ಕೊನೆಯ ಭಾಗವನ್ನು ಇಡಿಯಾಗಿ ಒಮ್ಮೆ ಮಾತ್ರ ತೆಗೆಯುವ 'ರಿಮೂವ್‌ಸಫಿಕ್ಸ್' ಎಂಬ ಹೊಸ ಫಂಕ್ಷನ್ ಸೇರಿತು. ಹಳೆಯದರ ವಿವರಣೆಯಲ್ಲಿ ಹೊಸದರತ್ತ ಕೈತೋರಿಸುವ ಸೂಚನೆಯೂ, ಎರಡರ ಫಲಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಉದಾಹರಣೆಯೂ ಸೇರಿದವು.

ಕನ್ನಡ ವಿದ್ಯಾರ್ಥಿಗಳಿಗೆ ಈ ಕ್ರಮ ಅಪರಿಚಿತವಲ್ಲ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಕಂದಪದ್ಯದ ಸೂತ್ರ, ಅದನ್ನು ಬಿಡಿಸುವ ಗದ್ಯವೃತ್ತಿ, ಪೂರ್ವಕವಿಗಳಿಂದ ಆಯ್ದ ಪ್ರಯೋಗ ಎಂಬ ಮೂರನ್ನೂ ಕೊಟ್ಟನು. ಫಂಕ್ಷನ್ನಿನ ಹೆಸರು ಮತ್ತು ಅದು ಬೇಡುವ ಅಂಶಗಳು ಸೂತ್ರದಂತೆ, ವಿವರಣೆ ವೃತ್ತಿ, ಉದಾಹರಣೆಯೇ ಪ್ರಯೋಗ. ಇವುಗಳಲ್ಲಿ ಒಂದು ಕುಂದಿದರೂ ಓದುಗನು ತನಗೆ ತೋಚಿದ ಅರ್ಥವನ್ನು ತುಂಬಿಕೊಳ್ಳುತ್ತಾನೆ. ಮರಾಠಿಯಲ್ಲಿ ಸಂದರ್ಭವೆಂಬ ಅರ್ಥವುಳ್ಳ 'ಅವಸರ' ಕನ್ನಡದಲ್ಲಿ ತ್ವರೆಯಾಗುವುದನ್ನು ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಈ ಅಪಾಯವನ್ನು ಬೇರೆಯಾಗಿ ಹೇಳಬೇಕಿಲ್ಲ.

ಅಸ್ಪಷ್ಟ ವಿವರಣೆಯನ್ನು ತಿದ್ದುವವರು ಮೊದಲು ಫಂಕ್ಷನ್ನನ್ನು ನಡೆಸಿ ಅದರ ನಿಜವಾದ ವರ್ತನೆಯನ್ನು ನೋಡಬೇಕು. ಎರಡರ್ಥಕ್ಕೆ ಎಡೆಕೊಡುವ ಪದವನ್ನು ಗುರುತಿಸಿ, ಫಂಕ್ಷನ್ ಏನು ಮಾಡುತ್ತದೆಂಬುದರ ಜೊತೆಗೆ ಏನು ಮಾಡುವುದಿಲ್ಲವೆಂಬುದನ್ನೂ ಬರೆಯಬೇಕು. 'ನಗರಜನ'ದಂತಹ ಸುಲಭ ಉದಾಹರಣೆಗಿಂತ 'ವನಜನ'ದಂತಹ ತೊಡಕಿನ ಉದಾಹರಣೆ ಹೆಚ್ಚು ಉಪಯುಕ್ತ. ವಿವರಣೆಯಲ್ಲಿನ ಉದಾಹರಣೆಗಳನ್ನು ನಡೆಸಿ ಪರೀಕ್ಷಿಸಲು ಪೈಥಾನ್‌ನಲ್ಲೇ 'ಡಾಕ್‌ಟೆಸ್ಟ್' ಎಂಬ ಸಾಧನವಿದೆ.

ಇಂತಹ ಯೋಜನೆಗಳಲ್ಲಿ ವಿವರಣೆಯನ್ನೂ ಯಾರು ಬೇಕಾದರೂ ಓದಿ ತಿದ್ದುಪಡಿ ಸೂಚಿಸಬಹುದು. ಹಿರಿಯ ನಿರ್ವಾಹಕರು ಪರಿಶೀಲಿಸಿ ಸ್ವೀಕರಿಸುತ್ತಾರೆ. ಈ ಕೆಲಸಕ್ಕೆ ಪ್ರೋಗ್ರಾಮಿನ ಅಲ್ಪ ಪರಿಚಯದೊಂದಿಗೆ ವಾಕ್ಯದ ಅರ್ಥವನ್ನು ಶಂಕಿಸಿ ನೋಡುವ ಬುದ್ಧಿ ಬೇಕು. ವ್ಯಾಕರಣದ ತರಗತಿಯಲ್ಲಿ ಪಳಗುವುದು ಆ ಬುದ್ಧಿಯೇ.