ಒಲೆಯ ಮುಂದಿನ ವಿಜ್ಞಾನ

ಮಂಗಳೂರಿನ ಮಣ್ಣಗುಡ್ಡದ ಹೆಂಚಿನ ಮನೆಯೊಂದರ ಅಡಿಗೆಮನೆಯನ್ನು ಹೊಕ್ಕು ನೋಡೋಣ. ಒಲೆಯ ಮೇಲೆ ಕುಚ್ಚಲಕ್ಕಿಯ ಗಂಜಿ ಕೊತಕೊತನೆ ಕುದಿಯುತ್ತಿದೆ. ಈಗ ಉರಿಯನ್ನು ಇನ್ನಷ್ಟು ಹೆಚ್ಚಿಸಿದರೆ ಅಕ್ಕಿ ಬೇಗನೆ ಬೇಯುವುದೆ? ಇಲ್ಲ. ತೆರೆದ ಪಾತ್ರೆಯ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಅದರ ಉಷ್ಣತೆ ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ನಿಲ್ಲುತ್ತದೆ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿಯಾಗಿಸುವುದರಲ್ಲಿ ವ್ಯಯವಾಗುತ್ತದೆ. ನಾವು ತರಗತಿಯಲ್ಲಿ ಗುಪ್ತೋಷ್ಣವೆಂಬ ಹೆಸರಿನಿಂದ ಕಲಿಸುವ ಪಾಠವೇ ಇದು.

ಆ ಅಕ್ಕಿಯಲ್ಲಿಯೂ ಒಂದು ಪಾಠವುಂಟು. ಭತ್ತವನ್ನು ನೆನೆಯಿಸಿ ಬೇಯಿಸಿದಾಗ ತೌಡಿನ ಪದರದಲ್ಲಿರುವ ಬಿ1 ಜೀವಸತ್ವದ ಬಹುಭಾಗ ಕಾಳಿನ ಒಳಕ್ಕೆ ಇಳಿಯುತ್ತದೆ. ಬೆಳ್ತಿಗೆ ಅಕ್ಕಿಯಲ್ಲಿ ತೌಡಿನೊಡನೆ ಹೊರಟುಹೋಗುವ ಅಂಶ ಕುಚ್ಚಲಕ್ಕಿಯಲ್ಲಿ ಉಳಿಯುವುದು ಈ ಕಾರಣದಿಂದ.

ಇಂಥ ವಿಷಯಗಳನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಶಾಸ್ತ್ರವೇ ಗೃಹವಿಜ್ಞಾನ. ಇದನ್ನು 'ಹುಡುಗಿಯರ ಅಡಿಗೆಪಾಠ'ವೆಂದು ಹಗುರವಾಗಿ ಕಾಣುವವರುಂಟು. ಅದರ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಫಿರಂಗಿಯ ಕೊಳವೆಯನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ಪರೀಕ್ಷಿಸಿ, ಉಷ್ಣವು ಒಂದು ದ್ರವ್ಯವಲ್ಲವೆಂದು 1798ರಲ್ಲಿ ವಾದಿಸಿದ ಕೌಂಟ್ ರಮ್‌ಫರ್ಡನ ಹೆಸರನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಅದೇ ವಿಜ್ಞಾನಿ ಉರಿಯನ್ನು ಸುತ್ತಲೂ ಮುಚ್ಚಿ ಸೌದೆಯನ್ನು ಉಳಿಸುವ ಒಲೆಗಳನ್ನು ರಚಿಸಿದನೆಂಬುದನ್ನು ಬಲ್ಲವರು ವಿರಳ.

ಆತನನ್ನು ಮರೆಯದವಳು ಅಮೆರಿಕದ ಎಲೆನ್ ಸ್ವಾಲೊ ರಿಚರ್ಡ್ಸ್ (1842–1911). ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಪ್ರವೇಶ ಪಡೆದ ಮೊದಲ ಮಹಿಳೆ ಈಕೆ. 1873ರಲ್ಲಿ ಅಲ್ಲಿಂದ ರಸಾಯನಶಾಸ್ತ್ರದ ಪದವಿ ಪಡೆದಳು. ಆದರೆ ಡಾಕ್ಟರ್ ಪದವಿಯ ಬಾಗಿಲು ಆಕೆಗೆ ತೆರೆಯಲಿಲ್ಲ. ಆಕೆ ಎದೆಗುಂದಲಿಲ್ಲ. ಕುಡಿಯುವ ನೀರಿನ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದಳು. 1893ರ ಚಿಕಾಗೊ ವಸ್ತುಪ್ರದರ್ಶನದಲ್ಲಿ 'ರಮ್‌ಫರ್ಡ್ ಅಡಿಗೆಮನೆ'ಯನ್ನು ತೆರೆದು, ಬಡಿಸಿದ ಊಟದಲ್ಲಿ ಎಷ್ಟೆಷ್ಟು ಪೋಷಕಾಂಶವಿದೆಯೆಂಬುದನ್ನು ಜನರಿಗೆ ತಿಳಿಯಪಡಿಸಿದಳು. 1899ರಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ಆರಂಭವಾದ ಸಮ್ಮೇಳನಗಳಿಂದ ಈ ಶಾಸ್ತ್ರಕ್ಕೆ ಒಂದು ಖಚಿತ ರೂಪ ದೊರೆಯಿತು.

ಈ ವಿದ್ಯೆ ಭಾರತದಲ್ಲಿ ಬೇರೂರಿದ ಕಥೆಯಲ್ಲಿ ನಮ್ಮ ಮಂಗಳೂರಿಗೂ ಪಾಲುಂಟು. 1919–20ರಲ್ಲಿ ಇಲ್ಲಿಯ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್, ಸ್ತ್ರೀಶಿಕ್ಷಣದ ಸಲುವಾಗಿ ದೇಶದ ಮಹಿಳೆಯರನ್ನು ಒಟ್ಟುಗೂಡಿಸಲು ಮುಂದಾದರು. ಅದರ ಫಲವಾಗಿ 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಸೇರಿತು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಪರಿಷತ್ತಿನ ಮೊದಲ ಸಂಘಟನಾ ಕಾರ್ಯದರ್ಶಿಗಳಾದರು. ಪರಿಷತ್ತಿನ ಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತಲೆಯೆತ್ತಿತು. ಕನ್ನಡ ನಾಡಿನಲ್ಲಿ 1974ರಲ್ಲಿ ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ ಆರಂಭವಾಯಿತು; ಇಂದು ಅದು ಸಮುದಾಯ ವಿಜ್ಞಾನದ ಹೆಸರನ್ನು ತಳೆದಿದೆ.

ಆದರೂ ಒಂದು ಸಂದೇಹ ಉಳಿಯುತ್ತದೆ. ಈ ವಿದ್ಯೆ ಹೆಣ್ಣಿಗೆ ಪ್ರಯೋಗಶಾಲೆಯ ಬಾಗಿಲನ್ನು ತೆರೆಯಿತೆ, ಅಥವಾ ಆಕೆಯನ್ನು ಮರಳಿ ಅಡಿಗೆಮನೆಗೇ ಕಳುಹಿಸಿತೆ? ಎರಡೂ ನಡೆದಿವೆ ಎನ್ನಬೇಕು. ರಸಾಯನಶಾಸ್ತ್ರವನ್ನೂ ಆಹಾರಶಾಸ್ತ್ರವನ್ನೂ ಆಳವಾಗಿ ಕಲಿಸಿದಲ್ಲಿ ಬಾಗಿಲು ತೆರೆಯಿತು. ಹೊಲಿಗೆ ಅಡಿಗೆಗಳ ಅಭ್ಯಾಸಕ್ಕೇ ಅದನ್ನು ಇಳಿಸಿದಲ್ಲಿ ಬಾಗಿಲು ಮುಚ್ಚಿತು. 'ಇದು ಹುಡುಗಿಯರಿಗೆ ಮಾತ್ರ' ಎಂದ ಕಡೆ ಹುಡುಗರಿಗೂ ನಷ್ಟವೇ ಆಯಿತು. ಗಂಜಿ ಉಣ್ಣುವವರೆಲ್ಲರೂ ಅದು ಬೇಯುವ ಬಗೆಯನ್ನು ಅರಿಯಬೇಡವೆ?

ಆದುದರಿಂದ ವಿದ್ಯಾರ್ಥಿಗಳೇ, ಮನೆಯಲ್ಲಿ ಹಿರಿಯರ ಅನುಮತಿ ಪಡೆದು ಒಂದು ಪ್ರಯೋಗ ಮಾಡಿರಿ. ಒಂದು ದಿನ ಕುದಿ ಬಂದ ಮೇಲೂ ದೊಡ್ಡ ಉರಿಯಲ್ಲಿಯೇ ಅಕ್ಕಿಯನ್ನು ಬೇಯಿಸಿರಿ. ಮರುದಿನ ಅಷ್ಟೇ ಅಕ್ಕಿ, ಅಷ್ಟೇ ನೀರು ಇಟ್ಟು, ಕುದಿ ಬಂದೊಡನೆ ಉರಿಯನ್ನು ತಗ್ಗಿಸಿರಿ. ಹಿಡಿದ ಹೊತ್ತನ್ನೂ ಉಳಿದ ನೀರನ್ನೂ ಬರೆದಿಟ್ಟುಕೊಂಡು ಹೋಲಿಸಿರಿ. ಎಲೆನ್ ರಿಚರ್ಡ್ಸ್ ತೋರಿಸಿದ ದಾರಿ ನಿಮ್ಮ ಒಲೆಯ ಮುಂದೆಯೇ ಆರಂಭವಾಗುವುದನ್ನು ಕಾಣುವಿರಿ.