ಕಿರು ಜನರೇಟರ್ ಹಾಗೂ 50 ಹರ್ಟ್ಸಿನ ನಿಯಮ

ವಾರ್ಷಿಕೋತ್ಸವದ ಸಂಜೆ ವಿದ್ಯುತ್ತು ನಿಂತೊಡನೆ ಶಾಲೆಯ ಹಿತ್ತಲಿನಿಂದ ಕಿರು ಜನರೇಟರಿನ ಸದ್ದು ಕೇಳಿಬರುವುದು ಎಲ್ಲರಿಗೂ ಪರಿಚಿತ. ದೀಪಗಳು ಹೊತ್ತಿಕೊಂಡರೆ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆ ವಿದ್ಯುತ್ತು ಸರಿಯಾದ ಆವರ್ತಾಂಕದಲ್ಲಿದೆಯೇ ಎಂದು ನೋಡದಿದ್ದರೆ, ಬೆಳಕು ಬಂದ ಸಂತೋಷ ನೀರಿನ ಪಂಪು ಕೆಡುವವರೆಗೆ ಮಾತ್ರ.

ಪರ್ಯಾಯ ವಿದ್ಯುತ್ಪ್ರವಾಹವು ಸೆಕೆಂಡಿಗೆ ಎಷ್ಟು ಆವರ್ತಗಳನ್ನು ಪೂರೈಸುತ್ತದೆಯೋ ಅದೇ ಆವರ್ತಾಂಕ. ಭಾರತದಲ್ಲಿ ಅದು 50 ಹರ್ಟ್ಸ್. ಸಾಮಾನ್ಯ ಜನರೇಟರಿನಲ್ಲಿ ಇದು ಎಂಜಿನ್ನಿನ ವೇಗವನ್ನು ಅವಲಂಬಿಸಿದೆ. ಎರಡು ಕಾಂತಧ್ರುವಗಳ ಯಂತ್ರ ನಿಮಿಷಕ್ಕೆ 3000 ಸುತ್ತು, ನಾಲ್ಕು ಧ್ರುವಗಳದು 1500 ಸುತ್ತು ತಿರುಗಿದಾಗ 50 ಹರ್ಟ್ಸ್ ದೊರೆಯುತ್ತದೆ. ಪೆಟ್ರೋಲಿನ ಕಿರು ಯಂತ್ರಗಳು ಬಹುತೇಕ ಮೊದಲ ಬಗೆಯವು.

ಎಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವುದು ಗವರ್ನರ್. ಹೊರೆ ಏರಿ ವೇಗ ತುಸು ಕುಗ್ಗಿದ ಮೇಲೆಯೇ ಅದು ಹೆಚ್ಚು ಇಂಧನಕ್ಕೆ ದಾರಿಮಾಡಿಕೊಡುತ್ತದೆ. ಆದ್ದರಿಂದ ಹೊರೆಯೊಡನೆ ವೇಗ ಕೊಂಚ ಇಳಿಯುವುದು ದೋಷವಲ್ಲ, ಗವರ್ನರಿನ ಸ್ವಭಾವ. ಬರಿದೆ ಓಡುವಾಗ 50ಕ್ಕೇ ಹೊಂದಿಸಿಟ್ಟ ಯಂತ್ರವು ಪೂರ್ಣ ಹೊರೆ ಬಿದ್ದಾಗ 48ಕ್ಕೆ ಇಳಿಯಬಹುದು. ಬಲ್ಲವರು ಎಂಜಿನ್ ಬಿಸಿಯಾದ ಮೇಲೆ ಹೊರೆಯಿಲ್ಲದೆ 52ರ ಸುಮಾರಿಗೆ, ಅಂದರೆ 3120 ಸುತ್ತಿಗೆ, ಹೊಂದಿಸುತ್ತಾರೆ. ಅನಂತರ ಹೊರೆ ಹಾಕಿ, 50ರ ಬಳಿ ನಿಲ್ಲುವುದೇ ಎಂದು ಪರೀಕ್ಷಿಸುತ್ತಾರೆ. ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ.

ದೀಪ ಮಂಕಾಯಿತೆಂದು ಗವರ್ನರಿನ ತಿರುಪನ್ನು ಬಿಗಿದು ವೇಗ ಹೆಚ್ಚಿಸುವ ಅಭ್ಯಾಸ ಹಲವೆಡೆ ಉಂಟು. ಹೆಚ್ಚಿನ ಅನಾಹುತಕ್ಕೆ ಇದೇ ಮೂಲ. ವೋಲ್ಟೇಜಿನ ಹೊಣೆ ಹೊತ್ತಿರುವುದು ವೋಲ್ಟೇಜ್ ನಿಯಂತ್ರಕ ಅಥವಾ ಕೆಪಾಸಿಟರ್. ಅದು ಕೆಟ್ಟಿದ್ದರೆ ದುರಸ್ತಿಯಾಗಬೇಕಾದುದು ಅಲ್ಲಿಯೇ. ವೇಗ ಹೆಚ್ಚಿಸಿ 55 ಹರ್ಟ್ಸ್ ಮಾಡಿದರೆ ನೀರಿನ ಪಂಪು ಶೇಕಡ 10ರಷ್ಟು ವೇಗವಾಗಿ ತಿರುಗುತ್ತದೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನಕ್ಕನುಗುಣವಾಗಿ ಏರುವುದರಿಂದ, ಮೋಟಾರಿನ ಮೇಲಿನ ಹೊರೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಇದಕ್ಕೆ ವಿರುದ್ಧವಾಗಿ, ವೋಲ್ಟೇಜ್ ಹಾಗೆಯೇ ಇದ್ದು ಆವರ್ತಾಂಕ ಇಳಿದರೆ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಕಬ್ಬಿಣದ ತಿರುಳಿನಲ್ಲಿ ಕಾಂತತ್ವ ಮಿತಿಮೀರಿ, ಅವು ಹೆಚ್ಚು ವಿದ್ಯುತ್ತನ್ನು ಎಳೆದು ಬಿಸಿಯಾಗುತ್ತವೆ. ದೀಪಗಳು ಎಂದಿನಂತೆ ಉರಿಯುತ್ತಲೇ ಇರುತ್ತವೆ. ಸುಟ್ಟ ವಾರ್ನಿಷಿನ ವಾಸನೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ.

ಅಳೆಯುವುದಕ್ಕೆ ಹಳೆಯ ಕಂಪನಪಟ್ಟಿಯ ಮಾಪಕ ಇಂದಿಗೂ ನಂಬಿಕೆಗೆ ಯೋಗ್ಯ. ಅದರೊಳಗಿನ ಉಕ್ಕಿನ ಪಟ್ಟಿಗಳಲ್ಲಿ ಯಾವುದು ಹೆಚ್ಚು ನಡುಗುತ್ತದೆಯೋ ಅದರ ಅಂಕಿಯನ್ನು ಓದಿದರಾಯಿತು. ಅಗ್ಗದ ಡಿಜಿಟಲ್ ಮಾಪಕಗಳು ಕಿರು ಜನರೇಟರಿನ ಒರಟು ಅಲೆಯಿಂದ ಮೋಸಹೋಗುವುದುಂಟು. ಇನ್ವರ್ಟರ್ ಮಾದರಿಯ ಹೊಸ ಜನರೇಟರುಗಳಲ್ಲಿ ಮಾತ್ರ ಈ ಗೊಡವೆಯಿಲ್ಲ. ಅಲ್ಲಿ ಎಂಜಿನ್ನಿನ ವೇಗ ಬದಲಾದರೂ ಇಲೆಕ್ಟ್ರಾನಿಕ್ ಮಂಡಲವೇ 50 ಹರ್ಟ್ಸನ್ನು ರೂಪಿಸಿಕೊಡುತ್ತದೆ.